ಹಳೆಯ ಇಂಗ್ಲೆಂಡಿನ ಬೆಳ್ಳಿಯ ಪೆನ್ನಿ

ಇಂಗ್ಲೆಂಡಿನ ಚರಿತ್ರೆ ಎಂದೊಡನೆ, ನಮ್ಮಲ್ಲಿ ಅದನ್ನು ಶಾಲೆಯಲ್ಲಿ ಓದಿದವರಿಗೆ ತಟ್ಟನೆ ನೆನಪಾಗುವ ಇಸವಿ 1066. ಆ ವರ್ಷದ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಬಳಿ ನಡೆದ ಕಾಳಗದಲ್ಲಿ ಹೆರಾಲ್ಡ್ ದೊರೆ ಮಡಿದನು. ನಾರ್ಮಂಡಿಯ ವಿಲಿಯಂ ಗೆದ್ದನು. ಅದಕ್ಕೆ ಹಿಂದಿನದೆಲ್ಲ ಪಾಠಪುಸ್ತಕದ ಎರಡು ಪುಟಗಳಲ್ಲಿ ಮುಗಿದುಹೋಗುತ್ತಿತ್ತು. ಆಲ್‌ಫ್ರೆಡ್ ದೊರೆ ರೊಟ್ಟಿ ಸೀಯಿಸಿದ, ಡೇನರು ಹಡಗುಗಳಲ್ಲಿ ಬಂದು ಸುಲಿದರು, ಕೆನ್ಯೂಟ್ ದೊರೆ ಸಮುದ್ರದ ಅಲೆಗಳಿಗೆ ಅಪ್ಪಣೆ ಮಾಡಿದ, ಇಷ್ಟೇ. ಓದಿದವರ ಮನಸ್ಸಿನಲ್ಲಿ ಉಳಿಯುತ್ತಿದ್ದುದು ಒಂದು ಒರಟು ನಾಡಿನ, ಅರೆನಾಗರಿಕ ಜನರ ಚಿತ್ರ.

ಆ ಕಾಲದ ಒಂದು ನಾಣ್ಯವನ್ನು ಅಂಗೈಮೇಲೆ ಇಟ್ಟುಕೊಂಡು ನೋಡಿದರೆ ಈ ಚಿತ್ರ ನಿಲ್ಲುವುದಿಲ್ಲ. ನಾಣ್ಯದ ಹೆಸರು ಪೆನ್ನಿ. ಅಪ್ಪಟಕ್ಕೆ ಹತ್ತಿರವಾದ ಬೆಳ್ಳಿ, ತೆಳುವಾದ ಬಿಲ್ಲೆ. ಅಗಲದಲ್ಲಿ ಸುಮಾರು ನಮ್ಮ ಇಂದಿನ ಒಂದು ರೂಪಾಯಿಯಷ್ಟು, ತೂಕದಲ್ಲಿ ಅದರ ಅರ್ಧಕ್ಕಿಂತಲೂ ಕಡಮೆ. ಉಗುರಿನಿಂದ ಒತ್ತಿದರೆ ಬಾಗೀತೇನೋ ಎನ್ನಿಸುವಷ್ಟು ನಾಜೂಕು. ಒಂದು ಬದಿಯಲ್ಲಿ ದೊರೆಯ ಮುಖ, ಸುತ್ತಲೂ ಅವನ ಹೆಸರು. ಇನ್ನೊಂದು ಬದಿಯಲ್ಲಿ ಒಂದು ಶಿಲುಬೆ, ಅದರ ಸುತ್ತ ಮತ್ತೆರಡು ಹೆಸರು: ನಾಣ್ಯ ಮಾಡಿದವನದು, ಮಾಡಿದ ಊರಿನದು. ಗಾಡ್ರಿಕ್ ಎಂಬವನು ಲಂಡನ್ನಿನಲ್ಲಿ ಮಾಡಿದ್ದು, ಲಿಯೋಫ್‌ವೈನ್ ಎಂಬವನು ಲಿಂಕನ್ನಿನಲ್ಲಿ ಮಾಡಿದ್ದು, ಹೀಗೆ. ಅಂದರೆ ಸಾವಿರ ವರ್ಷದ ಹಿಂದಿನ ಒಂದು ಬೆಳ್ಳಿಯ ಚೂರು ತಾನು ಯಾವ ದೊರೆಯ ಕಾಲದ್ದು, ಯಾವ ಊರಿನದು, ಯಾರ ಕೈಕೆಲಸ ಎಂಬುದನ್ನು ತಾನೇ ಹೇಳುತ್ತದೆ. ಯೂರೋಪಿನಲ್ಲಿ ಆ ಕಾಲಕ್ಕೆ ಬೇರೆಲ್ಲಿಯೂ ಇಷ್ಟು ಕಟ್ಟುನಿಟ್ಟಾದ ಏರ್ಪಾಡು ಇರಲಿಲ್ಲ. ಇದನ್ನು ಮಾಡಿದವರು ಅರೆನಾಗರಿಕರಾಗಿರಲು ಹೇಗೆ ಸಾಧ್ಯ?

ಈ ಪೆನ್ನಿಯ ಮೂಲ ಎಂಟನೆಯ ಶತಮಾನದ್ದು. ಇಂಗ್ಲೆಂಡು ಆಗ ಒಂದು ರಾಜ್ಯವಲ್ಲ. ಮರ್ಸಿಯಾ, ವೆಸೆಕ್ಸ್, ನಾರ್ತಂಬ್ರಿಯಾ ಎಂದು ಹಲವು ತುಂಡು. ಮರ್ಸಿಯಾದ ಆಫ ಎಂಬ ದೊರೆ (757-796) ಅಗಲವಾದ ತೆಳು ಬೆಳ್ಳಿಯ ನಾಣ್ಯವನ್ನು ಬಳಕೆಗೆ ತಂದು ನೆಲೆಗೊಳಿಸಿದನು. ಈ ದೊರೆಯ ಹೆಸರಿನಲ್ಲಿ ಒಂದು ವಿಚಿತ್ರವಾದ ಚಿನ್ನದ ನಾಣ್ಯವೂ ಸಿಕ್ಕಿದೆ. ಬಾಗ್ದಾದಿನ ಖಲೀಫ ಅಲ್ ಮನ್ಸೂರನ ದೀನಾರನ್ನು ಅರಬ್ಬೀ ಅಕ್ಷರಗಳ ಸಮೇತ ನಕಲು ಮಾಡಿ, ನಡುವೆ ಲ್ಯಾಟಿನ್ ಲಿಪಿಯಲ್ಲಿ ‘ಆಫ ದೊರೆ’ ಎಂದು ತುರುಕಿಸಿದ್ದಾರೆ. ಅರಬ್ಬೀ ಸಾಲುಗಳು ತಲೆಕೆಳಗಾಗಿ ನಿಂತಿವೆ! ಅಕ್ಷರ ಕೊರೆದವನಿಗೆ ತಾನು ಏನು ಕೊರೆಯುತ್ತಿದ್ದೇನೆಂಬುದು ತಿಳಿದಿರಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇದನ್ನು ಇಂದಿಗೂ ನೋಡಬಹುದು. ಆದರೆ ಅದು ಅಪೂರ್ವ ವಸ್ತು. ಜನರ ಕೈಯಲ್ಲಿ ಓಡಾಡಿದ್ದು ಬೆಳ್ಳಿಯ ಪೆನ್ನಿಯೇ.

240 ಪೆನ್ನಿಗೆ ಒಂದು ಪೌಂಡು ಎಂಬ ಲೆಕ್ಕ ಆಗಲೇ ಇತ್ತು. ಆದರೆ ಪೌಂಡಿನ ನಾಣ್ಯವಾಗಲಿ ಷಿಲ್ಲಿಂಗಿನ ನಾಣ್ಯವಾಗಲಿ ಇರಲಿಲ್ಲ. ಅವು ಬಾಯಿಲೆಕ್ಕದ, ಕಡತದ ಲೆಕ್ಕದ ಹೆಸರುಗಳು. ನೂರು ಪೌಂಡು ಕೊಡಬೇಕಾದವನು 24,000 ಪೆನ್ನಿಗಳನ್ನು ಎಣಿಸಬೇಕಾಗಿತ್ತು. ಷಿಲ್ಲಿಂಗಿನ ಬೆಲೆಯಂತೂ ಪ್ರಾಂತಕ್ಕೊಂದು ಬಗೆ. ವೆಸೆಕ್ಸಿನಲ್ಲಿ 5 ಪೆನ್ನಿ, ಮರ್ಸಿಯಾದಲ್ಲಿ 4. ನಾರ್ಮನ್ನರು ಬಂದ ಮೇಲೆ ಅದು 12ಕ್ಕೆ ನಿಂತಿತು.

ಒಂದು ಪೆನ್ನಿಗೆ ಏನು ಸಿಕ್ಕುತ್ತಿತ್ತು? ಅಥೆಲ್‌ಸ್ಟನ್ ದೊರೆಯ ಕಾಲದಲ್ಲಿ (924-939) ಲಂಡನ್ನಿನವರು ಕಳ್ಳತನದ ಪರಿಹಾರಕ್ಕಾಗಿ ಮಾಡಿಕೊಂಡ ಒಂದು ಕಟ್ಟಳೆಯಲ್ಲಿ ಬೆಲೆಗಳ ಪಟ್ಟಿಯಿದೆ. ಒಳ್ಳೆಯ ಕುದುರೆಗೆ ಅರ್ಧ ಪೌಂಡು, ಅಂದರೆ 120 ಪೆನ್ನಿ. ಎತ್ತಿಗೆ 30, ಹಸುವಿಗೆ 20, ಹಂದಿಗೆ 10, ಕುರಿಗೆ 5. ಒಂದು ಕುರಿಯ ಬೆಲೆಗೆ ಐದೇ ನಾಣ್ಯವಾದರೆ ಸಂತೆಯಲ್ಲಿ ಒಂದೆರಡು ಮೊಟ್ಟೆ ಕೊಳ್ಳುವವರ ಗತಿ ಏನು? ಅದಕ್ಕೂ ಉಪಾಯವಿತ್ತು. ಪೆನ್ನಿಯ ಹಿಂಬದಿಯ ಶಿಲುಬೆಯ ಗೆರೆಗುಂಟ ಕತ್ತರಿಸಿದರೆ ಎರಡು ಅರ್ಧ; ಮತ್ತೆ ಕತ್ತರಿಸಿದರೆ ನಾಲ್ಕು ಕಾಲು. ಇಂಗ್ಲಿಷಿನ ‘ಫಾರ್ದಿಂಗ್’ ಎಂಬ ಮಾತಿನ ಅರ್ಥವೇ ನಾಲ್ಕನೆಯ ಒಂದು ಭಾಗ. ಹೀಗೆ ಕತ್ತರಿಸಿದ ತುಂಡುಗಳು ಇಂಗ್ಲೆಂಡಿನ ಹೊಲಗಳಲ್ಲಿ ಈಗಲೂ ಸಿಕ್ಕುತ್ತವೆ.

ಅಥೆಲ್‌ಸ್ಟನ್ನನು ಬಿಡಿಬಿಡಿಯಾಗಿದ್ದ ರಾಜ್ಯಗಳನ್ನು ಒಂದುಗೂಡಿಸಿದವನು. ಗ್ರೇಟ್ಲಿ ಎಂಬಲ್ಲಿ ಹೊರಡಿಸಿದ ಶಾಸನದಲ್ಲಿ ತನ್ನ ಆಳ್ವಿಕೆಯ ಎಲ್ಲೆಡೆಯೂ ಒಂದೇ ನಾಣ್ಯವಿರತಕ್ಕದ್ದು, ಊರಿನ ಹೊರಗೆ ಯಾರೂ ನಾಣ್ಯ ಹೊಡೆಯಕೂಡದು ಎಂದು ಅವನು ವಿಧಿಸಿದನು. ಯಾವ ಊರಿನಲ್ಲಿ ಎಷ್ಟು ಜನ ನಾಣ್ಯಗಾರರಿರಬೇಕೆಂಬುದೂ ಅಲ್ಲಿದೆ: ಲಂಡನ್ನಿಗೆ 8, ಕ್ಯಾಂಟರ್‌ಬರಿಗೆ 7, ವಿಂಚೆಸ್ಟರಿಗೆ 6. ಕ್ಯಾಂಟರ್‌ಬರಿಯ ಏಳರಲ್ಲಿ ನಾಲ್ವರು ದೊರೆಯವರು, ಇಬ್ಬರು ಆರ್ಚ್‌ಬಿಷಪ್ಪನವರು, ಒಬ್ಬ ಮಠಾಧಿಪತಿಯವನು. ಕಳಪೆ ನಾಣ್ಯ ಮಾಡಿದ ಅಪರಾಧ ರುಜುವಾತಾದರೆ ಅದನ್ನು ಮಾಡಿದ ಕೈಯನ್ನೇ ಕತ್ತರಿಸಿ, ಟಂಕಸಾಲೆಯ ಮೇಲೆ ನೇತುಹಾಕಬೇಕು. ಮುಂದೆ ಎಥೆಲ್‌ರೆಡ್ಡನ ಕಾಲದಲ್ಲಿ, ಕಾಡಿನಲ್ಲಿಯೋ ಮತ್ತೆಲ್ಲಿಯೋ ಕದ್ದು ನಾಣ್ಯ ಹೊಡೆಯುವವನಿಗೆ ಪ್ರಾಣದಂಡನೆಯೇ ವಿಧಿಯಾಯಿತು.

ನಮ್ಮ ಹಳಗನ್ನಡದಲ್ಲಿ ಟಂಕಸಾಲೆಗೆ ‘ಕಮ್ಮಟ’ ಎಂಬ ಒಳ್ಳೆಯ ಮಾತಿದೆ. ಈ ಇಂಗ್ಲಿಷ್ ನಾಣ್ಯಗಾರರನ್ನು ಕಮ್ಮಟಗಾರರೆಂದು ಕರೆಯುವುದು ಸುಲಭ. ಇವರು ಬರಿಯ ಕೂಲಿಯ ಅಕ್ಕಸಾಲಿಗರಲ್ಲ, ಊರಿನ ಅನುಕೂಲಸ್ಥರು. ಕೆಳಗೆ ಕುಳಿತು ಸುತ್ತಿಗೆ ಬೀಸುವವರು ಅವರ ಆಳುಗಳು. ಕೆಲಸದ ರೀತಿ ಹೀಗಿತ್ತು. ಬೆಳ್ಳಿಯನ್ನು ಕರಗಿಸಿ, ಬಡಿದು, ತಗಡು ಮಾಡಿ, ಬಿಲ್ಲೆಗಳನ್ನು ಕತ್ತರಿಸುವುದು. ಕೆಳಗಿನ ಅಚ್ಚಿಗೆ ಒಂದು ಮೊನೆಯಿರುತ್ತದೆ. ಅದನ್ನು ಮರದ ದಿಮ್ಮಿಯಲ್ಲಿ ನೆಟ್ಟು, ಮೇಲೆ ಬಿಲ್ಲೆಯಿಟ್ಟು, ಅದರ ಮೇಲೆ ಇನ್ನೊಂದು ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆದರೆ ಎರಡು ಬದಿಗೂ ಮುದ್ರೆ ಬೀಳುತ್ತದೆ. ಮೇಲಿನ ಅಚ್ಚು ಏಟು ತಿಂದು ಬೇಗ ಸವೆಯುತ್ತಿತ್ತು. ಯಾರ್ಕ್ ನಗರದ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರವರೆಗೆ ಅಗೆದಾಗ ಹತ್ತನೆಯ ಶತಮಾನದ ಇಂಥ ಕಬ್ಬಿಣದ ಅಚ್ಚೇ ಸಿಕ್ಕಿತು; ಜೊತೆಗೆ ಮುದ್ರೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಹೊಡೆದು ನೋಡಿದ ಸೀಸದ ತುಂಡೂ ಸಿಕ್ಕಿತು.

ನಿಜವಾದ ದೊಡ್ಡ ಬದಲಾವಣೆಯನ್ನು ಮಾಡಿದವನು ಎಡ್ಗರ್ ದೊರೆ (959-975). ಅವನ ಹೆಸರನ್ನು ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಅವನ ಆಳ್ವಿಕೆಯಲ್ಲಿ ದೊಡ್ಡ ಯುದ್ಧ ನಡೆಯಲಿಲ್ಲವೆಂಬುದೇ ಇದಕ್ಕೆ ಕಾರಣವಿರಬೇಕು. ಅವನ ಕೊನೆಯ ವರ್ಷಗಳಲ್ಲಿ, ಸುಮಾರು 973ರಲ್ಲಿ, ಹಳೆಯ ನಾಣ್ಯವನ್ನೆಲ್ಲ ಹಿಂದಕ್ಕೆ ತರಿಸಿಕೊಂಡು ದೇಶಕ್ಕೆಲ್ಲ ಒಂದೇ ಮಾದರಿಯ ಹೊಸ ಪೆನ್ನಿಯನ್ನು ಹೊರಡಿಸಿದರು. ಹಳೆಯ ಪೆನ್ನಿಗಳ ಅಂಚನ್ನು ಕತ್ತರಿಸಿ ಕತ್ತರಿಸಿ ಜನ ಬೆಳ್ಳಿ ಕದ್ದಿದ್ದರಿಂದ ಅವು ತೂಕದಲ್ಲಿ ಅರ್ಧವಾಗಿದ್ದುವೆಂದು ಹದಿಮೂರನೆಯ ಶತಮಾನದ ರೋಜರ್ ಆಫ್ ವೆಂಡೋವರ್ ಎಂಬ ಸಂನ್ಯಾಸಿ ಬರೆದಿದ್ದಾನೆ. ಕಾರಣ ಏನೇ ಇರಲಿ, ಅಂದಿನಿಂದ ಎಲ್ಲ ನಾಣ್ಯದ ಮೇಲೂ ದೊರೆಯ ಮುಖ, ‘ಇಂಗ್ಲಿಷರ ದೊರೆ’ ಎಂಬ ಬಿರುದು, ಹಿಂಬದಿಯಲ್ಲಿ ಕಮ್ಮಟಗಾರನ ಹೆಸರು ಮತ್ತು ಊರಿನ ಹೆಸರು ಖಡ್ಡಾಯವಾದುವು. ಇದರ ಉದ್ದೇಶ ಸ್ಪಷ್ಟವಾಗಿದೆ. ನಾಣ್ಯ ಕಳಪೆಯಾದರೆ ಯಾರ ಕೈ ಕತ್ತರಿಸಬೇಕೆಂಬುದು ಅದರ ಮೇಲೆಯೇ ಬರೆದಿದೆ!

ಇನ್ನೂ ಮುಖ್ಯವಾದ ಮಾತೆಂದರೆ, ಇದು ಒಂದು ಸಲಕ್ಕೆ ಮುಗಿಯಲಿಲ್ಲ. ಕೆಲವು ವರ್ಷಗಳಿಗೊಮ್ಮೆ ನಾಣ್ಯದ ಚಿತ್ರವನ್ನೇ ಬದಲಾಯಿಸುವುದು ಪದ್ಧತಿಯಾಯಿತು. ಮೊದಲು ಚಿಕ್ಕ ಶಿಲುಬೆ. ಆಮೇಲೆ ಮೋಡದಿಂದ ಇಳಿದ ದೇವರ ಕೈ. ಆಮೇಲೆ ಶಿಲುಬೆಯ ಮೂಲೆಗಳಲ್ಲಿ ಲ್ಯಾಟಿನ್ನಿನ ‘ಕ್ರಕ್ಸ್’ ಎಂಬ ನಾಲ್ಕು ಅಕ್ಷರ. ಆಮೇಲೆ ಅಂಚಿನವರೆಗೂ ಚಾಚಿದ ಉದ್ದ ಶಿಲುಬೆ. ಆಮೇಲೆ ರೋಮನ್ ಚಕ್ರವರ್ತಿಗಳಂತೆ ಶಿರಸ್ತ್ರಾಣ ತೊಟ್ಟ ದೊರೆ. ಹೊಸ ಮಾದರಿ ಬಂದಾಗ ದೊರೆಗೆ ಸಲ್ಲಿಸುವ ತೆರಿಗೆ, ದಂಡಗಳನ್ನು ಹೊಸ ನಾಣ್ಯದಲ್ಲಿಯೇ ಕೊಡಬೇಕು. ಹಳೆಯದನ್ನು ಇಟ್ಟುಕೊಂಡವನು ಕಮ್ಮಟಗಾರನ ಬಳಿ ಹೋಗಿ ಬದಲಾಯಿಸಿಕೊಳ್ಳಬೇಕು. ಎಷ್ಟು ಕೊಟ್ಟನೋ ಅಷ್ಟೇ ಹಿಂದಕ್ಕೆ ಬರುವುದಿಲ್ಲ. ಕಮ್ಮಟಗಾರ ತನ್ನ ಪಾಲು ಮುರಿದುಕೊಳ್ಳುತ್ತಾನೆ, ಅದರಲ್ಲಿ ದೊರೆಗೂ ಪಾಲಿದೆ. ವಿಲಿಯಮ್ಮನು 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಎಂಬ ಜಮಾಬಂದಿ ಪುಸ್ತಕದಲ್ಲಿ ಇದರ ದರವಿದೆ. ನಾಣ್ಯ ಬದಲಾದಾಗ ವೂಸ್ಟರಿನ ಪ್ರತಿಯೊಬ್ಬ ಕಮ್ಮಟಗಾರನೂ ಲಂಡನ್ನಿಗೆ ಹೋಗಿ 20 ಷಿಲ್ಲಿಂಗು ಕೊಟ್ಟು ಅಚ್ಚುಗಳನ್ನು ತರಬೇಕು. ಹೆರಿಫರ್ಡಿನಲ್ಲಿ ಏಳು ಜನ. ಅಚ್ಚಿಗೆ ತಲಾ 18 ಷಿಲ್ಲಿಂಗು, ಊರಿಗೆ ಮರಳಿದ ಒಂದು ತಿಂಗಳೊಳಗೆ ಮತ್ತೆ 20.

ಮಾದರಿ ಬದಲಾಗುತ್ತಿದ್ದುದು ಆರು ವರ್ಷಕ್ಕೊಮ್ಮೆ ಎಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಮೈಕೇಲ್ ಡಾಲಿ 1950ರ ದಶಕದಲ್ಲಿ ವಾದಿಸಿದರು. ಅಷ್ಟು ಗಡಿಯಾರದಂತೆ ನಡೆದಿರಲಾರದು ಎಂಬುದು ಅವರ ನಂತರದವರ ಅಭಿಪ್ರಾಯ. 1035ರ ಬಳಿಕವಂತೂ ಅವಧಿ ಎರಡು ಮೂರು ವರ್ಷಕ್ಕೆ ಇಳಿಯಿತು. ಪದ್ಧತಿ ಕೆಲಸ ಮಾಡಿತೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಇಂಗ್ಲೆಂಡಿನಲ್ಲಿ ಆ ಕಾಲದ ಹೂತಿಟ್ಟ ಗಂಟುಗಳನ್ನು ಬಿಚ್ಚಿದರೆ ಸಾಮಾನ್ಯವಾಗಿ ಒಂದೋ ಎರಡೋ ಮಾದರಿಯ ನಾಣ್ಯಗಳೇ ಇರುತ್ತವೆ. ಹೊರದೇಶದ ನಾಣ್ಯವಂತೂ ಕಾಣುವುದೇ ಅಪರೂಪ. ಬಂದ ಬೆಳ್ಳಿಯೆಲ್ಲ ಕರಗಿ ದೊರೆಯ ಮುದ್ರೆ ಹೊತ್ತುಕೊಳ್ಳುತ್ತಿತ್ತು. ಅರವತ್ತಕ್ಕೂ ಮಿಕ್ಕ ಊರುಗಳಲ್ಲಿ ಕಮ್ಮಟಗಳಿದ್ದುವು. ದೇಶದ ದಕ್ಷಿಣಾರ್ಧದಲ್ಲಿ ಯಾವ ಹಳ್ಳಿಯವನಿಗೂ ಹೆಚ್ಚೆಂದರೆ ಹದಿನೈದು ಮೈಲಿಯೊಳಗೆ ಒಂದು ಕಮ್ಮಟ ಸಿಕ್ಕುತ್ತಿತ್ತು. ಒಂದು ದಿನದ ನಡಿಗೆ.

ಬೆಳ್ಳಿ ಎಲ್ಲಿಯದು? ಇಂಗ್ಲೆಂಡಿನ ಗಣಿಗಳಿಗೆ ಇಷ್ಟು ಶಕ್ತಿ ಇರಲಿಲ್ಲ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ, ಗೋಸ್ಲಾರ್ ಊರಿನ ಬಳಿ, 960ರ ದಶಕದಿಂದ ಬೆಳ್ಳಿಯ ಗಣಿಗಳು ಜೋರಾಗಿ ನಡೆದುವು. ವ್ಯಾಪಾರದ ಮೂಲಕ ಆ ಬೆಳ್ಳಿ ಇಂಗ್ಲೆಂಡಿಗೆ ಹರಿದುಬಂತು. ಮಾರಲು ಸರಕಿದ್ದ ನಾಡಿಗೇ ಬೆಳ್ಳಿ ಬರುವುದು. ಇಂಗ್ಲೆಂಡು ಸಿರಿವಂತ ನಾಡಾಗಿತ್ತು. ಅದರ ಸಿರಿಯನ್ನು ಎಣಿಸಲು, ಕೂಡಿಹಾಕಲು, ವಸೂಲು ಮಾಡಲು ಯೂರೋಪಿನಲ್ಲೇ ಉತ್ತಮವಾದ ಯಂತ್ರ ಅದರ ಕೈಯಲ್ಲಿತ್ತು.

ಆ ಸುದ್ದಿ ಸಮುದ್ರದಾಚೆಗೂ ಮುಟ್ಟಿತ್ತು.

ಎಡ್ಗರನ ಮಗ ಎಥೆಲ್‌ರೆಡ್ಡನು 978ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಅಣ್ಣನ ಕೊಲೆಯ ಬೆನ್ನಿಗೆ ಪಟ್ಟಕ್ಕೆ ಬಂದನು. ಅವನ ಹೆಸರಿನ ಅರ್ಥ ‘ಶ್ರೇಷ್ಠವಾದ ಆಲೋಚನೆ’. ಮುಂದಿನವರು ಕುಚೋದ್ಯಕ್ಕೆ ಅದರ ಮುಂದೆ ‘ಆಲೋಚನೆಗೇಡಿ’ ಎಂಬ ಅಡ್ಡಹೆಸರು ಸೇರಿಸಿದರು. ಇಂಗ್ಲಿಷಿನಲ್ಲಿ ಅದು ಕಾಲಕ್ರಮದಲ್ಲಿ ‘ಅನ್‌ರೆಡಿ’ ಎಂದಾಗಿ, ಯಾವುದಕ್ಕೂ ಸಿದ್ಧನಲ್ಲದವನು ಎಂಬ ತಪ್ಪು ಅರ್ಥಕ್ಕೆ ತಿರುಗಿತು. ಅವನ ಕಾಲದಲ್ಲಿ ಡೆನ್ಮಾರ್ಕ್, ನಾರ್ವೆಗಳ ಹಡಗುಪಡೆಗಳು ವರ್ಷ ಬಿಟ್ಟು ವರ್ಷ ಬಂದುವು. 991ರಲ್ಲಿ ಎಸೆಕ್ಸಿನ ಮಾಲ್ಡನ್ ಎಂಬಲ್ಲಿ ಇಂಗ್ಲಿಷ್ ಸೇನೆ ಸೋತಿತು. ಆ ವರ್ಷ ಶಾಂತಿಗಾಗಿ 10,000 ಪೌಂಡು ಕಪ್ಪ ಕೊಟ್ಟರು. ಅದು ಮೊದಲನೆಯದು. ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ಎಂಬ ಅಂದಿನ ವರ್ಷಾವಳಿಯ ಪ್ರಕಾರ 994ರಲ್ಲಿ 16,000, 1002ರಲ್ಲಿ 24,000, 1007ರಲ್ಲಿ 36,000, 1012ರಲ್ಲಿ 48,000.

ಪೌಂಡುಗಳೆಂದರೆ ಕೇಳುವವರಿಗೆ ಹಗುರವಾಗಿ ಕಾಣುತ್ತದೆ. ಪೆನ್ನಿಯಲ್ಲಿ ಎಣಿಸಿ ನೋಡಿ. ಮೊದಲ ಕಪ್ಪವೇ 24 ಲಕ್ಷ ನಾಣ್ಯ. ಲಂಡನ್ನಿನ ಹಳೆಯ ಬೆಲೆಪಟ್ಟಿಯಂತೆ 80,000 ಎತ್ತುಗಳ ಬೆಲೆ. 1012ರದು 1 ಕೋಟಿ 15 ಲಕ್ಷ ನಾಣ್ಯವನ್ನು ದಾಟುತ್ತದೆ. ಈ ಅಂಕಿಗಳು ಉತ್ಪ್ರೇಕ್ಷೆ ಇರಬಹುದೇ ಎಂದು 1980ರ ದಶಕದಲ್ಲಿ ಇಂಗ್ಲಿಷ್ ಚರಿತ್ರಕಾರರಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ವರ್ಷಾವಳಿ ಬರೆದವನಿಗೆ ದುಂಡು ಸಂಖ್ಯೆಗಳ ಮೋಹವಿತ್ತು, ಅಷ್ಟು ಬೆಳ್ಳಿ ದೇಶದಲ್ಲಿ ಇರಲಾರದು ಎಂದು ಒಬ್ಬರು. ಇಂಥ ಸುವ್ಯವಸ್ಥಿತ ರಾಜ್ಯಕ್ಕೆ ಅದು ಅಸಾಧ್ಯವಲ್ಲ ಎಂದು ಇನ್ನೊಬ್ಬರು. ಎಲ್ಲವೂ ನಾಣ್ಯವೇ ಆಗಿರಲಿಲ್ಲ, ಪಾತ್ರೆ, ಒಡವೆ, ಗಟ್ಟಿ ಬೆಳ್ಳಿಯೂ ಹೋಗಿರಬೇಕು ಎಂಬುದಂತೂ ನ್ಯಾಯವಾದ ಮಾತು. ನನಗೆ ತೋರುವ ಮಟ್ಟಿಗೆ, ಅಂಕಿಗಳಲ್ಲಿ ಕಾಲುಭಾಗ ಕಳೆದರೂ ಉಳಿದದ್ದೇ ಸಾಕಷ್ಟು ಭಯಂಕರ. ಇದನ್ನು ಕೊಟ್ಟವರು ದೊರೆಯಲ್ಲ, ದೊರೆಯ ಮಂತ್ರಿಗಳಲ್ಲ. ಹೈಡ್ ಎಂಬ ಅಳತೆಯಲ್ಲಿ ದೇಶದ ಭೂಮಿಯನ್ನೆಲ್ಲ ಲೆಕ್ಕ ಹಾಕಿದ್ದರು. ಹೈಡಿಗೆ ಇಷ್ಟೆಂದು ಹಾಕಿದ ತೆರಿಗೆ ರೈತನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಕೊಡಲು ಪೆನ್ನಿ ಇಲ್ಲದವನು ಎತ್ತನ್ನು ಮಾರಬೇಕು. ಎತ್ತು ಮಾರಿದವನು ಮುಂದಿನ ವರ್ಷ ಏನನ್ನು ಉಳುವುದು?

ನಾಣ್ಯಗಳ ಮೇಲೆಯೇ ಈ ಸಂಕಟದ ಗುರುತುಗಳಿವೆ. 1003ರಲ್ಲಿ ಡೇನರ ದೊರೆ ಸ್ವೇನನು ವಿಲ್ಟನ್ ಪಟ್ಟಣವನ್ನು ಸುಟ್ಟನು. ಅಲ್ಲಿಯ ಕಮ್ಮಟಗಾರರ ಹೆಸರುಗಳು ಆ ಬಳಿಕ ಸಾಲ್ಸ್‌ಬರಿಯ ನಾಣ್ಯಗಳಲ್ಲಿ ಕಾಣಿಸುತ್ತವೆ. ಆಗಿನ ಸಾಲ್ಸ್‌ಬರಿ ಬೆಟ್ಟದ ಮೇಲಿನ ಹಳೆಯ ಕೋಟೆ. ಪಾಪ, ಅಚ್ಚು ಸುತ್ತಿಗೆ ಹೊತ್ತುಕೊಂಡು ಮೇಲಕ್ಕೆ ಓಡಿದ್ದರು. ಸಾಮರ್ಸೆಟ್ಟಿನ ಸೌತ್ ಕ್ಯಾಡ್ಬರಿ ಎಂಬ ಬೆಟ್ಟದ ಕೋಟೆಯಲ್ಲಿಯೂ ಹೀಗೆಯೇ ಕೆಲವು ವರ್ಷ ಮಾತ್ರ ಒಂದು ಕಮ್ಮಟ ನಡೆಯಿತು. ಆರ್ಥರ್ ದೊರೆಯ ಕ್ಯಾಮಲಾಟ್ ಇದೇ ಎಂದು ಜನ ನಂಬುವ ಬೆಟ್ಟ ಇದು. 1966ರಿಂದ 1970ರವರೆಗೆ ಇಲ್ಲಿ ಅಗೆದವರಿಗೆ ಎಥೆಲ್‌ರೆಡ್ಡನ ಕಾಲದ ಕಲ್ಲಿನ ಗೋಡೆಯೂ ಸಿಕ್ಕಿತು.

1009ರಲ್ಲಿ ಥೋರ್ಕೆಲ್ ಎಂಬವನ ಭಾರಿ ಪಡೆ ಬಂದಿಳಿದಾಗ ದೊರೆ ಮತ್ತು ಅವನ ಸಭೆ ದೇವರ ಮೊರೆಹೊಕ್ಕರು. ಸಂತ ಮೈಕೇಲನ ಹಬ್ಬಕ್ಕೆ ಮುಂಚಿನ ಮೂರು ದಿನ ಇಡೀ ದೇಶವೇ ರೊಟ್ಟಿ, ನೀರು, ಸೊಪ್ಪುಗಳಲ್ಲಿ ಉಪವಾಸವಿದ್ದು ಬರಿಗಾಲಿನಲ್ಲಿ ಚರ್ಚಿಗೆ ನಡೆಯಬೇಕೆಂದು ಶಾಸನವಾಯಿತು. ಅದೇ ಸುಮಾರಿಗೆ ಒಂದು ಅಪೂರ್ವ ಪೆನ್ನಿಯನ್ನು ಹೊರಡಿಸಿದರು. ದೊರೆಯ ಮುಖವೇ ಅದರಲ್ಲಿಲ್ಲ. ಮುಂಬದಿಯಲ್ಲಿ ದೇವರ ಕುರಿಮರಿ, ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ಪಾರಿವಾಳ. ಕ್ರಿಸ್ತನ ಮತ್ತು ಪವಿತ್ರಾತ್ಮನ ಸಂಕೇತಗಳು. ಕೆಲವೇ ಊರುಗಳಲ್ಲಿ, ಸ್ವಲ್ಪವೇ ಕಾಲ ಹೊಡೆದ ಈ ನಾಣ್ಯಗಳಲ್ಲಿ ಇಂದು ತಿಳಿದಿರುವುದು ಎರಡು ಡಜನಿನ ಆಸುಪಾಸು. ಹೆಚ್ಚಿನವು ಸಿಕ್ಕಿರುವುದು ಇಂಗ್ಲೆಂಡಿನಲ್ಲಿ ಅಲ್ಲ, ಉತ್ತರದ ನಾಡುಗಳಲ್ಲಿ. ಕೆಲವಕ್ಕೆ ತೂತು ಕೊರೆದು ಕೊರಳಿಗೆ ಕಟ್ಟಿಕೊಂಡಿದ್ದಾರೆ. ಯಾರನ್ನು ದೂರವಿಡಲೆಂದು ಆ ನಾಣ್ಯ ಹುಟ್ಟಿತೋ ಅವರ ಹೆಂಗಸರಿಗೆ ಅದು ಆಭರಣವಾಯಿತು.

ದೊರೆಯ ತಪ್ಪುಗಳನ್ನು ಮುಚ್ಚಿಡಬೇಕಾಗಿಲ್ಲ. 1002ರ ನವೆಂಬರ್ 13ರಂದು ದೇಶದಲ್ಲಿದ್ದ ಡೇನರನ್ನು ಕೊಲ್ಲುವಂತೆ ಅವನು ಆಜ್ಞೆ ಮಾಡಿದ್ದು ಘೋರವಾದ ತಪ್ಪು. ಕೆಟ್ಟ ಫಲವನ್ನೇ ಅದು ಕೊಟ್ಟಿತು. ಆದರೆ ಅವನನ್ನು ಬರಿಯ ಅಸಮರ್ಥನೆಂದು ತಳ್ಳಿಬಿಡುವವರು ಅವನ ನಾಣ್ಯಗಳನ್ನು ನೋಡಬೇಕು. ಊರುಗಳು ಉರಿಯುತ್ತಿದ್ದಾಗಲೂ, 1012ರಲ್ಲಿ ಆರ್ಚ್‌ಬಿಷಪ್ ಎಲ್ಫ್‌ಹೇಜನನ್ನು ಕುಡಿದ ಡೇನರು ಎಲುಬುಗಳಿಂದ ಹೊಡೆದು ಕೊಂದ ವರ್ಷದಲ್ಲಿಯೂ, ಕಮ್ಮಟಗಳು ನಿಲ್ಲಲಿಲ್ಲ, ಬೆಳ್ಳಿ ಕಳಪೆಯಾಗಲಿಲ್ಲ, ಹೆಸರುಗಳು ತಪ್ಪಲಿಲ್ಲ. ಆಡಳಿತ ಮುರಿದುಬೀಳಲಿಲ್ಲ. ಮುರಿದುಬಿದ್ದಿದ್ದರೆ ಅಷ್ಟು ಕಪ್ಪ ಕೊಡಲು ಸಾಧ್ಯವೇ ಆಗುತ್ತಿರಲಿಲ್ಲ! ಕೊಡಲಾರದ ನಾಡನ್ನು ಸುಲಿಯಲು ಯಾರೂ ಇಪ್ಪತ್ತೈದು ವರ್ಷ ಬರುವುದಿಲ್ಲ.

ಹೋದ ಬೆಳ್ಳಿ ಏನಾಯಿತು? ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳ ಹೊಲಗಳಲ್ಲಿ, ಅದರಲ್ಲಿಯೂ ಬಾಲ್ಟಿಕ್ ಸಮುದ್ರದ ನಡುವಿನ ಗಾಟ್ಲೆಂಡ್ ದ್ವೀಪದಲ್ಲಿ, ಉಳುವ ರೈತರಿಗೆ ಇಂಗ್ಲಿಷ್ ಪೆನ್ನಿಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಸಿಕ್ಕಿವೆ. ಎಥೆಲ್‌ರೆಡ್ಡನ ನಾಣ್ಯಗಳು ಅವನ ದೇಶದಲ್ಲಿ ಸಿಕ್ಕಿದ್ದಕ್ಕಿಂತ ಅಲ್ಲಿ ಸಿಕ್ಕಿದ್ದೇ ಹೆಚ್ಚು. ಆದುದರಿಂದ ಇಂಗ್ಲಿಷ್ ನಾಣ್ಯಗಳನ್ನು ಅಭ್ಯಾಸ ಮಾಡುವವರು ಸ್ಟಾಕ್‌ಹೋಮಿಗೆ ಹೋಗಬೇಕಾಗಿದೆ. ಅಲ್ಲಿಯ ಸಂಗ್ರಹದ ಮೊದಲ ದೊಡ್ಡ ಪಟ್ಟಿಯನ್ನು ಮಾಡಿದವರೂ ಸ್ವೀಡನ್ನಿನವರೇ, ಹಿಲ್ಡೆಬ್ರಾಂಡ್, 1846ರಲ್ಲಿ. ಆ ನಾಣ್ಯಗಳಲ್ಲಿ ಒಂದು ವಿಶೇಷವಿದೆ. ಅನೇಕವನ್ನು ಬಗ್ಗಿಸಿ ನೋಡಿದ್ದಾರೆ. ಚೂರಿಯ ಮೊನೆಯಿಂದ ಕುಕ್ಕಿದ್ದಾರೆ. ದೊರೆಯ ಮುಖ ಅಲ್ಲಿಯವರಿಗೆ ಏನೂ ಅಲ್ಲ. ಬೆಳ್ಳಿ ಅಪ್ಪಟವೋ ಅಲ್ಲವೋ ಎಂಬುದಷ್ಟೇ ಬೇಕು. ಕೈ ಬದಲಾದಂತೆಲ್ಲ ಕುಕ್ಕು. ಇಂಗ್ಲೆಂಡಿನಲ್ಲಿ ಉಳಿದ ನಾಣ್ಯಗಳ ಮೇಲೆ ಇಂಥ ಗಾಯಗಳು ಕಾಣುವುದಿಲ್ಲ. ಅಲ್ಲಿ ಹೆಸರನ್ನು ನೋಡಿ ಸ್ವೀಕರಿಸುತ್ತಿದ್ದರು.

ಸ್ಟಾಕ್‌ಹೋಮಿನ ಉತ್ತರಕ್ಕೆ ಓರ್ಕೆಸ್ಟಾ ಎಂಬ ಹಳ್ಳಿಯ ಚರ್ಚಿನ ಬಳಿ ಒಂದು ಶಿಲಾಶಾಸನವಿದೆ. ರೂನ್ ಎಂಬ ಹಳೆಯ ಲಿಪಿಯಲ್ಲಿ ಕೆತ್ತಿದ್ದು. ಉಲ್ಫ್ ಎಂಬ ಆ ಊರಿನ ಕಡೆಯ ಯಜಮಾನ ಇಂಗ್ಲೆಂಡಿನಿಂದ ಮೂರು ಸಲ ಹಣ ತಂದನಂತೆ. ಮೊದಲ ಸಲ ಹಂಚಿದವನು ಟೋಸ್ಟಿ, ಎರಡನೆಯ ಸಲ ಥೋರ್ಕೆಲ್, ಮೂರನೆಯ ಸಲ ಕೆನ್ಯೂಟ್. ನಮ್ಮ ವೀರಗಲ್ಲುಗಳನ್ನು ಓದಿ ಅಭ್ಯಾಸವಾದವರಿಗೆ ಇದರ ಧಾಟಿ ಪರಿಚಿತವಾಗಿಯೇ ಕಾಣುತ್ತದೆ. ಆದರೆ ಇಲ್ಲಿ ಹೆಮ್ಮೆ ಸತ್ತದ್ದಕ್ಕಲ್ಲ, ಪಾಲು ಪಡೆದದ್ದಕ್ಕೆ. ಕಪ್ಪದ ಇನ್ನೊಂದು ತುದಿಯಲ್ಲಿ ನಿಂತ ಮನುಷ್ಯನೊಬ್ಬನ ಹೆಸರು ಹೀಗೆ ನಮಗೆ ತಿಳಿಯುತ್ತದೆ. ಎತ್ತು ಮಾರಿದವನ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ.

ಸುಲಿದವರು ನಾಣ್ಯದ ಮೇಲೆ ಮನಸ್ಸನ್ನೂ ಇಟ್ಟರು. 995ರ ಸುಮಾರಿನಲ್ಲಿ ಡೆನ್ಮಾರ್ಕಿನ ಸ್ವೇನ್, ನಾರ್ವೆಯ ಓಲಾಫ್, ಸ್ವೀಡನ್ನಿನ ಓಲೋಫ್, ಈ ಮೂವರೂ ಎಥೆಲ್‌ರೆಡ್ಡನ ‘ಕ್ರಕ್ಸ್’ ಪೆನ್ನಿಯನ್ನು ನಕಲು ಮಾಡಿ ತಮ್ಮ ತಮ್ಮ ಹೆಸರಿನಲ್ಲಿ ಹೊರಡಿಸಿದರು. ಮೂವರ ನಾಣ್ಯದ ಮೇಲೂ ಕಮ್ಮಟಗಾರನ ಹೆಸರು ಗಾಡ್‌ವೈನ್, ಅಚ್ಚ ಇಂಗ್ಲಿಷ್ ಹೆಸರು. ಐರ್ಲೆಂಡಿನ ಡಬ್ಲಿನ್ನಿನಲ್ಲಿದ್ದ ವೈಕಿಂಗ್ ದೊರೆಯೂ ಹೀಗೆಯೇ ಮಾಡಿದನು.

1016ರಲ್ಲಿ ಎಥೆಲ್‌ರೆಡ್ಡನೂ ಅವನ ಶೂರನಾದ ಮಗ ಎಡ್ಮಂಡನೂ ತೀರಿಕೊಂಡರು. ಸ್ವೇನನ ಮಗ ಕೆನ್ಯೂಟ್ ಇಂಗ್ಲೆಂಡಿನ ದೊರೆಯಾದನು. 1018ರಲ್ಲಿ ದೇಶದಿಂದ 72,000 ಪೌಂಡು, ಲಂಡನ್ ನಗರವೊಂದರಿಂದಲೇ ಬೇರೆಯಾಗಿ 10,500 ಪೌಂಡು ವಸೂಲು ಮಾಡಿ ತನ್ನ ಪಡೆಯ ಬಹುಭಾಗವನ್ನು ಮನೆಗೆ ಕಳುಹಿಸಿದನು. ಆಮೇಲೆ ಈ ಗೆದ್ದ ದೊರೆ ನಾಣ್ಯದ ವಿಷಯದಲ್ಲಿ ಏನು ಬದಲಾಯಿಸಿದನು? ತನ್ನ ಹೆಸರು, ತನ್ನ ಮುಖ. ಅಷ್ಟೇ. ಹಳೆಯ ಕಮ್ಮಟಗಾರರೇ, ಹಳೆಯ ಊರುಗಳೇ, ಹಳೆಯ ಪದ್ಧತಿಯೇ. ಒಳ್ಳೆಯ ಯಂತ್ರ ಕೈಗೆ ಬಂದಾಗ ಅದನ್ನು ಮುರಿಯುವಷ್ಟು ಅವಿವೇಕಿ ಅವನಲ್ಲ. ಥೋರ್ಕೆಲ್ಲನ 45 ಹಡಗುಗಳನ್ನು ಸಂಬಳಕ್ಕೆ ಇಟ್ಟುಕೊಳ್ಳಲೆಂದು ಎಥೆಲ್‌ರೆಡ್ಡನು 1012ರಲ್ಲಿ ಹಾಕಿದ ಸೇನಾತೆರಿಗೆಯೂ ಮುಂದುವರಿಯಿತು. ಅದನ್ನು ತೆಗೆದುಹಾಕಿದವನು ಎಡ್ವರ್ಡ್ ದೊರೆ, 1051ರಲ್ಲಿ. ತಾತ್ಕಾಲಿಕವೆಂದು ಹಾಕಿದ ತೆರಿಗೆಗೆ 39 ವರ್ಷದ ಆಯುಸ್ಸು!

1066ರ ಜನವರಿಯಲ್ಲಿ ಪಟ್ಟವೇರಿದ ಹೆರಾಲ್ಡನು ಆಳಿದ್ದು ಒಂಬತ್ತು ತಿಂಗಳು. ಅಷ್ಟರಲ್ಲೇ ನಲವತ್ತಕ್ಕೂ ಹೆಚ್ಚು ಊರುಗಳಿಂದ ಅವನ ಪೆನ್ನಿಗಳು ಹೊರಬಿದ್ದುವು. ಹಿಂಬದಿಯಲ್ಲಿ ಒಂದೇ ಮಾತು: ‘ಪಾಕ್ಸ್’, ಲ್ಯಾಟಿನ್ನಿನಲ್ಲಿ ಶಾಂತಿ. ವಿಲಿಯಂ ಕೂಡ ಕೆನ್ಯೂಟನಂತೆ ಪದ್ಧತಿಯನ್ನು ಮುಟ್ಟಲಿಲ್ಲ. ಬೆಳ್ಳಿಯ ಪೆನ್ನಿಯೇ ಮುಂದೆ 1279ರವರೆಗೆ ಇಂಗ್ಲೆಂಡಿನ ಹೆಚ್ಚುಕಡಮೆ ಏಕೈಕ ನಾಣ್ಯವಾಗಿತ್ತು. ಪೌಂಡಿಗೆ 240 ಪೆನ್ನಿಯ ಲೆಕ್ಕವಂತೂ 1971ರ ಫೆಬ್ರವರಿಯವರೆಗೂ ಬದುಕಿತ್ತು.

2019ರಲ್ಲಿ ಸಾಮರ್ಸೆಟ್ಟಿನ ಚ್ಯೂ ಕಣಿವೆಯ ಹೊಲವೊಂದರಲ್ಲಿ ಲೋಹಶೋಧಕ ಯಂತ್ರ ಹಿಡಿದು ಹುಡುಕುತ್ತಿದ್ದವರಿಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಬೆಳ್ಳಿಯ ಪೆನ್ನಿಗಳ ಗಂಟು ಸಿಕ್ಕಿತು. ಹೇಸ್ಟಿಂಗ್ಸ್ ಕಾಳಗದ ಮುಂದಿನ ಒಂದೆರಡು ವರ್ಷಗಳಲ್ಲಿ, ದಂಗೆಗಳ ಕಾಲದಲ್ಲಿ, ಯಾರೋ ಹೂತಿಟ್ಟು ಹಿಂದಿರುಗಿ ಬರಲಾಗದೆ ಹೋದದ್ದು. ಸುಮಾರು ಅರ್ಧ ಹೆರಾಲ್ಡನದು, ಅರ್ಧ ವಿಲಿಯಮ್ಮನದು. 2024ರಲ್ಲಿ ಅದನ್ನು 43 ಲಕ್ಷ ಪೌಂಡಿಗೆ ಆ ಪ್ರಾಂತದ ಸಂಗ್ರಹಾಲಯಗಳ ಸಂಸ್ಥೆ ಕೊಂಡುಕೊಂಡಿತು. ಆ ರಾಶಿಯಲ್ಲಿ ಪಂಡಿತರ ಕಣ್ಣಿಗೆ ಬಿದ್ದದ್ದು ಕೆಲವು ವಿಚಿತ್ರ ನಾಣ್ಯಗಳು: ಒಂದು ಬದಿ ಹೊಸ ದೊರೆ ವಿಲಿಯಮ್ಮನ ಅಚ್ಚಿನದು, ಇನ್ನೊಂದು ಬದಿ ಸತ್ತುಹೋದ ದೊರೆಯ ಅಚ್ಚಿನದು. ದೊರೆ ಬದಲಾದಾಗ ಎರಡು ಅಚ್ಚನ್ನೂ ಬದಲಾಯಿಸಿ ಅದರ ಶುಲ್ಕ ಕಟ್ಟಬೇಕೆಂಬುದು ನಿಯಮ. ಯಾವನೋ ಒಬ್ಬ ಕಮ್ಮಟಗಾರ ಹಳೆಯ ಅಚ್ಚನ್ನೇ ಉಳಿಸಿಕೊಂಡು ಒಂದರ ಹಣ ಮಿಗಿಸಿದ್ದನು.